ಆ ಎಂಜಿನ್ ಕೆಟ್ಟಿರಲಿಲ್ಲ, ಸ್ವಾಮಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಹಳೇ ಎಂಜಿನ್‌ಗಳ ಬಗ್ಗೆ ಒಂದು ಪುಟದ ಬರಹ ಹಾಕಿದ್ದೀರಿ. ಇಂಥ ವಿಷಯಕ್ಕೆ ಒಂದು ಪುಟ ಕೊಟ್ಟಿದ್ದೇ ದೊಡ್ಡದು. ಆದರೆ ಫೋಟೋ ಕೆಳಗೆ, ‘ಕೆಟ್ಟುಹೋಗಿ ನಿಂತು ನಿಂತು ಓಡುತ್ತಿರುವ ನೂರು ವರ್ಷದ ಎಂಜಿನ್’ ಅಂತ ಬರೆದಿದ್ದೀರಿ. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ಬೆಳಗಿನ ಕಾಫಿ ಆರಿಹೋಯಿತು. ಅದಕ್ಕೇ ಈ ಪತ್ರ.

ನಾನು ಮೂವತ್ನಾಲ್ಕು ವರ್ಷ ಎಂಜಿನ್ ಫಿಟ್ಟರ್ ಆಗಿದ್ದವನು. ಈಗ ಮೂರು ವರ್ಷದಿಂದ ಪೆನ್ಸಿಲ್ವೇನಿಯಾದಲ್ಲಿ ಮಗಳ ಮನೆಯಲ್ಲಿ ಇದ್ದೇನೆ. ಎರಡು ಮನೆ ಆಚೆ ಒಬ್ಬ ಯಜಮಾನರು ಇದ್ದಾರೆ. ಹಿಂದೆ ಹಾಲಿನ ಡೈರಿ ನಡೆಸುತ್ತಿದ್ದವರು, ವಯಸ್ಸು ಎಂಬತ್ತು ದಾಟಿದೆ. ಅವರ ಶೆಡ್ಡಿನಲ್ಲಿ ಒಂದು ಐದು ಹಾರ್ಸ್‌ಪವರ್‌ನ ‘ಎಕಾನಮಿ’ ಎಂಜಿನ್ ಇದೆ. ಸಿಯರ್ಸ್ ರೋಬಕ್ ಕಂಪನಿ ತನ್ನ ಕ್ಯಾಟಲಾಗ್‌ನಲ್ಲಿ ಮಾರುತ್ತಿದ್ದ ಮಾಲು. ರೈತ ಪಟ್ಟಿ ನೋಡಿ ದುಡ್ಡು ಕಳಿಸಿದರೆ ಎಂಜಿನ್ ರೈಲಿನಲ್ಲಿ ಬರುತ್ತಿತ್ತಂತೆ. ಹೆಸರು ಸಿಯರ್ಸ್‌ನದು, ಮಾಡಿದ್ದು ಇಂಡಿಯಾನಾದ ಎವಾನ್ಸ್‌ವಿಲ್‌ನ ಹರ್ಕ್ಯುಲಿಸ್ ಕಂಪನಿ. ಪ್ರತಿ ಶನಿವಾರ ನಾನು ಅಲ್ಲಿಗೆ ಹೋಗುತ್ತೇನೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಅವರಿಗೆ ಕಿವಿ ಮಂದ. ಆದರೂ ಸ್ಪ್ಯಾನರ್ ಹಿಡಿದ ಮೇಲೆ ನಮ್ಮಿಬ್ಬರಿಗೂ ಮಾತಿನ ತೊಂದರೆ ಆಗಿಲ್ಲ.

ಮೊದಲ ಸಲ ಅದನ್ನು ಚಾಲೂ ಮಾಡಿದಾಗ ಮೊಮ್ಮಗ ಜೊತೆಗಿದ್ದ. ‘ಡಬ್’ ಅಂತ ಒಂದು ಏಟು. ಆಮೇಲೆ ಪುಸ್ಕ್, ಪುಸ್ಕ್, ಪುಸ್ಕ್, ಪುಸ್ಕ್. ಫ್ಲೈವೀಲ್, ಅಂದರೆ ಎಂಜಿನ್‌ನ ಭಾರದ ಚಕ್ರ, ತಿರುಗುತ್ತಲೇ ಇದೆ, ‘ಡಬ್’ ಸದ್ದು ಮಾತ್ರ ಇಲ್ಲ. ಹುಡುಗ ನನ್ನ ಅಂಗಿ ಎಳೆದು, “ಅಜ್ಜ, ಸತ್ತೋಯ್ತಾ?” ಅಂದ. ಅಷ್ಟರಲ್ಲಿ ಮತ್ತೆ ‘ಡಬ್’. ಅವನು ಹಾರಿಬಿದ್ದ. ನಿಜ ಹೇಳಬೇಕೆಂದರೆ ನನಗೂ ಒಂದು ಕ್ಷಣ ಹಾಗೇ ಅನಿಸಿತ್ತು. ನನ್ನ ಜೀವಮಾನವೆಲ್ಲ ಡೀಸೆಲ್ ಎಂಜಿನ್‌ಗಳ ಜೊತೆ ಕಳೆದಿತ್ತು. ಅಲ್ಲಿ ಒಂದು ಏಟು ತಪ್ಪಿತು ಅಂದರೆ ನಾಜಲ್ಲೋ ಪಂಪೋ ಕೈಕೊಟ್ಟಿದೆ ಅಂತಲೇ ಲೆಕ್ಕ. ಹಾಗಾಗಿ ನಿಮ್ಮ ಬರಹಗಾರರ ಮೇಲೆ ನನಗೆ ಕೋಪ ಇಲ್ಲ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು, ಅಷ್ಟೇ.

ಇದಕ್ಕೆ ಇಂಗ್ಲಿಷ್‌ನಲ್ಲಿ ‘ಹಿಟ್ ಅಂಡ್ ಮಿಸ್’ ಅನ್ನುತ್ತಾರೆ. ಏಟು ಹಾಕುವುದು, ಏಟು ಬಿಡುವುದು. ಬಿಡುವುದು ರೋಗ ಅಲ್ಲ, ಅದೇ ಅದರ ಗವರ್ನರ್, ಅಂದರೆ ಸ್ಪೀಡ್ ಹಿಡಿತದಲ್ಲಿಡುವ ಭಾಗ, ಮಾಡುವ ಕೆಲಸ. ಈಗಿನ ಎಂಜಿನ್‌ಗಳಲ್ಲಿ ಸ್ಪೀಡ್ ಜಾಸ್ತಿ ಆದರೆ ಪ್ರತಿ ಏಟಿನ ಎಣ್ಣೆ ಕಡಿಮೆ ಮಾಡುತ್ತೇವೆ. ಇದರಲ್ಲಿ ಹಾಗಿಲ್ಲ. ಏಟು ಹಾಕಿದರೆ ಪೂರ್ತಿ ಏಟು, ಇಲ್ಲದಿದ್ದರೆ ಇಲ್ಲವೇ ಇಲ್ಲ.

ಅದು ಹೇಗೆ ಅಂತ ನಾನು ಶೆಡ್ಡಿನಲ್ಲಿ ಸ್ಟೂಲ್ ಹಾಕಿಕೊಂಡು ಅರ್ಧ ಗಂಟೆ ನೋಡಿದ್ದೇನೆ. ಫ್ಲೈವೀಲ್‌ಗೆ ಎರಡು ತೂಕದ ಗುಂಡುಗಳು, ಅವನ್ನು ಒಳಗೆ ಎಳೆದು ಹಿಡಿಯಲು ಸ್ಪ್ರಿಂಗು. ಸ್ಪೀಡ್ ಏರಿದಂತೆ ಗುಂಡುಗಳು ಹೊರಗೆ ಸರಿಯುತ್ತವೆ. ಸರಿಯುವಾಗ ಒಂದು ಸನ್ನೆಕೋಲನ್ನು ತಳ್ಳುತ್ತವೆ. ಆ ಸನ್ನೆಕೋಲಿನ ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಉಕ್ಕಿನ ಕೊಕ್ಕೆ. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವನ್ನು ತಳ್ಳಿ ತೆರೆಯುವ ಪುಶ್ ರಾಡ್ ಮುಂದಕ್ಕೆ ಹೋದ ಹೊತ್ತಿಗೆ ಸರಿಯಾಗಿ ಈ ಕೊಕ್ಕೆ ಬಂದು ‘ಟಕ್’ ಅಂತ ಅದನ್ನು ಹಿಡಿದುಕೊಳ್ಳುತ್ತದೆ. ರಾಡ್ ವಾಪಸ್ ಬರುವ ಹಾಗಿಲ್ಲ, ವಾಲ್ವ್ ಮುಚ್ಚುವ ಹಾಗಿಲ್ಲ. ಸೈಲೆನ್ಸರ್ ಕಡೆ ಬಾಗಿಲು ತೆರೆದೇ ಇರುತ್ತದೆ. ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾ ಅದೇ ದಾರಿಯಲ್ಲಿ ಸುಮ್ಮನೆ ಉಸಿರಾಡುತ್ತದೆ. ಪುಸ್ಕ್, ಪುಸ್ಕ್ ಅನ್ನುವುದು ಅದೇ.

ಇನ್ನು ಒಳಗೆ ಎಣ್ಣೆ ಬಿಡುವ ವಾಲ್ವ್ ನೋಡಿ. ಅದಕ್ಕೆ ರಾಡೂ ಇಲ್ಲ, ಕ್ಯಾಮೂ ಇಲ್ಲ. ಒಂದು ತೆಳ್ಳನೆ ಸ್ಪ್ರಿಂಗ್ ಅಷ್ಟೇ. ಪಿಸ್ಟನ್ ಎಳೆದರೆ ತಾನಾಗಿ ತೆರೆದುಕೊಳ್ಳುತ್ತದೆ. ಆದರೆ ಎಕ್ಸಾಸ್ಟ್ ಬಾಗಿಲು ತೆರೆದಿದ್ದಾಗ ಎಳೆತವೇ ಇರುವುದಿಲ್ಲವಲ್ಲ? ಹಾಗಾಗಿ ಅದು ಮುಚ್ಚಿಯೇ ಇರುತ್ತದೆ. ಒಂದು ತೊಟ್ಟು ಪೆಟ್ರೋಲ್ ಒಳಗೆ ಹೋಗುವುದಿಲ್ಲ. ಕಿಡಿ ಹಚ್ಚುವ ಇಗ್ನೈಟರ್ ಕೂಡ ಅದೇ ಪುಶ್ ರಾಡ್ ತಟ್ಟಿದಾಗಲೇ ಕೆಲಸ ಮಾಡುವುದು. ರಾಡ್ ಸಿಕ್ಕಿಕೊಂಡಾಗ ಕಿಡಿಯೂ ಇಲ್ಲ. ಒಂದೇ ಒಂದು ಕೊಕ್ಕೆ ಮೂರು ಕೆಲಸ ನಿಲ್ಲಿಸಿಬಿಡುತ್ತದೆ. ಸ್ಪೀಡ್ ಸ್ವಲ್ಪ ಇಳಿಯಿತೋ, ಗುಂಡುಗಳು ಒಳಗೆ ಬಂದು ಕೊಕ್ಕೆ ಬಿಡುತ್ತದೆ. ವಾಲ್ವ್ ಮುಚ್ಚುತ್ತದೆ, ಎಣ್ಣೆ ಗಾಳಿ ಒಳಗೆ ಬರುತ್ತದೆ, ಡಬ್!

ಇದನ್ನು ಯೋಚಿಸಿದವನ ತಲೆಗೆ ಒಂದು ನಮಸ್ಕಾರ ಹಾಕಬೇಕು ಅನಿಸಿತು ನನಗೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಂದು ಸ್ಪ್ರಿಂಗು, ಒಂದು ಕೊಕ್ಕೆ.

ನಿಮ್ಮ ಬರಹದಲ್ಲಿ ‘ಇಂಧನ ಕುಡಿಯುವ ರಾಕ್ಷಸ’ ಅಂತಲೂ ಇದೆ. ಅದರಲ್ಲಿ ಅರ್ಧ ನಿಜ. ಸಿಲಿಂಡರ್‌ನೊಳಗೆ ಎಣ್ಣೆ ಗಾಳಿಯನ್ನು ಒತ್ತುವ ಜೋರು, ಅಂದರೆ ಕಂಪ್ರೆಷನ್, ತೀರಾ ಕಡಿಮೆ, ಹಾಗಾಗಿ ಪೂರ್ತಿ ಲೋಡ್‌ನಲ್ಲಿ ಈಗಿನ ಎಂಜಿನ್ ಎದುರು ಇದು ನಿಲ್ಲುವುದಿಲ್ಲ, ಒಪ್ಪಿದೆ. ಆದರೆ ಕೆಲಸ ಇಲ್ಲದಾಗ ಇದು ಎಣ್ಣೆ ಮುಟ್ಟುವುದೇ ಅಪರೂಪ. ಒಂದು ದಿನ ಮೊಮ್ಮಗ ಎಣಿಸಿದ. ಒಂದು ಡಬ್‌ಗೆ ಹನ್ನೊಂದು ಪುಸ್ಕ್. ಅದೇ ಹೊತ್ತಿಗೆ ಯಜಮಾನರು ಬೆಲ್ಟ್ ಹಾಕಿ ಸೌದೆ ಕೊಯ್ಯುವ ಗರಗಸಕ್ಕೆ ಜೋಡಿಸಿದರು. ಮರದ ತುಂಡು ಹಲ್ಲಿಗೆ ತಾಗಿತೋ ಇಲ್ಲವೋ, ಡಬ್ ಡಬ್ ಡಬ್ ಡಬ್, ಒಂದೂ ತಪ್ಪಲಿಲ್ಲ. ತುಂಡು ಎರಡಾಗಿ ಬಿತ್ತು, ಮತ್ತೆ ಪುಸ್ಕ್ ಪುಸ್ಕ್ ಶುರು. ಕೆಲಸಕ್ಕೆ ತಕ್ಕ ಊಟ. ನಮ್ಮಲ್ಲಿ ಎಷ್ಟು ಜನ ಹಾಗಿದ್ದಾರೆ ಅಂತ ಮಾತ್ರ ಕೇಳಬೇಡಿ.

ಇನ್ನೊಂದು ತಿದ್ದುಪಡಿ. ಅದು ಡೀಸೆಲ್ ಎಂಜಿನ್ ಅಲ್ಲ. ನೀವು ಎರಡು ಕಡೆ ಹಾಗೆ ಬರೆದಿದ್ದೀರಿ. ಇವೆಲ್ಲ ಪೆಟ್ರೋಲ್, ಸೀಮೆಎಣ್ಣೆ ಅಥವಾ ಗ್ಯಾಸ್‌ನಲ್ಲಿ ಓಡುವ, ಕಿಡಿಯಿಂದಲೋ ಕಾದ ಕೊಳವೆಯಿಂದಲೋ ಹತ್ತಿಕೊಳ್ಳುವ ಎಂಜಿನ್‌ಗಳು. ಜರ್ಮನಿಯ ಒಟ್ಟೋ 1876ರಲ್ಲಿ ಮಾಡಿದ ನಾಲ್ಕು ಸ್ಟ್ರೋಕ್ ಎಂಜಿನ್‌ನ ಮಕ್ಕಳು ಮೊಮ್ಮಕ್ಕಳು.

ಕಾದ ಕೊಳವೆ ಅಂದೆನಲ್ಲ, ಅದನ್ನು ನೋಡಬೇಕಾದರೆ ಎಣ್ಣೆ ಬಾವಿಗಳ ಕಡೆಗೆ ಹೋಗಬೇಕು. ನಿಮ್ಮ ಬರಹ ಹೊಲದ ಎಂಜಿನ್‌ಗಳಲ್ಲೇ ನಿಂತುಬಿಟ್ಟಿದೆ. ಎಣ್ಣೆ ಬಾವಿಗೆ ಒಂದೇ ವಾಕ್ಯ. ಅದೇ ನನಗೆ ಜಾಸ್ತಿ ಬೇಜಾರು.

ನಾನಿರುವ ಈ ರಾಜ್ಯದ ಟೈಟಸ್‌ವಿಲ್‌ನಲ್ಲೇ 1859ರ ಆಗಸ್ಟ್‌ನಲ್ಲಿ ಡ್ರೇಕ್ ಅನ್ನುವವರು ಕೊರೆದ ಬಾವಿಯಲ್ಲಿ ಎಣ್ಣೆ ಸಿಕ್ಕಿದ್ದು. ಆಳ ಎಪ್ಪತ್ತು ಅಡಿ ಕೂಡ ಇಲ್ಲ. ಆಮೇಲೆ ಇದೇ ರಾಜ್ಯದ ಬ್ರಾಡ್‌ಫರ್ಡ್ ಸುತ್ತಮುತ್ತ ಸಿಕ್ಕ ಎಣ್ಣೆ ಎಷ್ಟು ಅಂದರೆ, 1881ರಲ್ಲಿ ಅಮೆರಿಕದ ಒಟ್ಟು ಎಣ್ಣೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಅಲ್ಲಿಂದಲೇ ಬಂತು. ಆದರೆ ಆ ಜೋರು ಬೇಗ ಇಳಿಯಿತು. ಬಾವಿಗಳು ಬತ್ತಲಿಲ್ಲ, ದಿನಕ್ಕೆ ಸ್ವಲ್ಪ ಸ್ವಲ್ಪ ಮಾತ್ರ ಕೊಡಲು ಶುರು ಮಾಡಿದವು. ಅಷ್ಟು ಸ್ವಲ್ಪ ಎಣ್ಣೆಗಾಗಿ ಪ್ರತಿ ಬಾವಿಯ ಪಂಪಿಗೂ ಒಂದು ಸ್ಟೀಮ್ ಎಂಜಿನ್, ಬಾಯ್ಲರ್, ಅದಕ್ಕೆ ನೀರು, ಬೆಂಕಿ, ಕಾಯಲು ಒಬ್ಬ ಆಳು ಅಂದರೆ ಹೇಗೆ ಪೂರೈಸುತ್ತದೆ?

ಆಗ ಬಂದವು ಗ್ಯಾಸ್ ಎಂಜಿನ್‌ಗಳು. ಬಾವಿಯಲ್ಲಿ ಎಣ್ಣೆಯ ಜೊತೆ ಗ್ಯಾಸೂ ಬರುತ್ತದೆ. ಆ ಗ್ಯಾಸನ್ನೇ ಪೈಪ್ ಹಾಕಿ ಎಂಜಿನ್‌ಗೆ ಕೊಟ್ಟರು. ಬಾವಿ ತನ್ನ ಪಂಪನ್ನು ತಾನೇ ಸಾಕಿದ ಹಾಗೆ. ಆಯಿಲ್ ಸಿಟಿಯ ರೀಡ್, ಗ್ರೋವ್ ಸಿಟಿಯ ಬೆಸೆಮರ್ ಅಂತ ಕಂಪನಿಗಳು ಇದಕ್ಕಾಗಿಯೇ ಎಂಜಿನ್ ಮಾಡಿದವು. ಇನ್ನೊಂದು ಜಾತಿಯೂ ಇತ್ತು, ಅದಕ್ಕೆ ಇಲ್ಲಿನವರು ‘ಹಾಫ್ ಬ್ರೀಡ್’ ಅನ್ನುತ್ತಾರೆ. ಹಳೇ ಸ್ಟೀಮ್ ಎಂಜಿನ್‌ನ ಸಿಲಿಂಡರ್ ಬಿಚ್ಚಿ ಬಿಸಾಡುವುದು, ಅದೇ ಬೆಡ್ಡಿಗೆ, ಅದೇ ಕ್ರ್ಯಾಂಕಿಗೆ ಒಂದು ಗ್ಯಾಸ್ ಸಿಲಿಂಡರ್ ಬೋಲ್ಟ್ ಮಾಡುವುದು. ಹಳೇ ಸೀರೆಯಲ್ಲಿ ಕೌದಿ ಹೊಲಿದ ಹಾಗೆ. ಫಿಟ್ಟರ್ ಆದವನಿಗೆ ಅದನ್ನು ನೋಡಿದರೆ ಹೊಟ್ಟೆ ತುಂಬುತ್ತದೆ.

ಜೂನ್ ತಿಂಗಳಲ್ಲಿ ಯಜಮಾನರು ನನ್ನನ್ನು ಕೂಲ್‌ಸ್ಪ್ರಿಂಗ್ ಅನ್ನುವ ಊರಿಗೆ ಕರೆದುಕೊಂಡು ಹೋದರು. ಅಲ್ಲಿ 1985ರಿಂದ ಒಂದು ಎಂಜಿನ್ ಮ್ಯೂಸಿಯಂ ಇದೆ. ಇನ್ನೂರೈವತ್ತಕ್ಕಿಂತ ಜಾಸ್ತಿ ಎಂಜಿನ್. ಗ್ಯಾಸ್ ಲೈನ್‌ನ ಕಂಪ್ರೆಸರ್ ಸ್ಟೇಷನ್‌ನಿಂದ ತಂದ ಆರುನೂರು ಹಾರ್ಸ್‌ಪವರ್‌ನ ‘ಸ್ನೋ’ ಎಂಜಿನ್ ಕೂಡ ಅಲ್ಲಿದೆ. ಅದರ ಫ್ಲೈವೀಲ್ ಪಕ್ಕದಲ್ಲಿ ನಿಂತರೆ ತೇರಿನ ಗಾಲಿ ಚಿಕ್ಕದು ಅನಿಸುತ್ತದೆ. ಜನ ಎಲ್ಲ ಅದರ ಫೋಟೋ ತೆಗೆಯುತ್ತಿದ್ದರು. ನಾನು ಮಾತ್ರ ಹೆಚ್ಚು ಹೊತ್ತು ನಿಂತಿದ್ದು ಒಂದು ಮೂಲೆಯ ಎಣ್ಣೆ ಬಾವಿ ಎಂಜಿನ್ ಹತ್ತಿರ. ಅದಕ್ಕೆ ಕಿಡಿಗೆ ಕರೆಂಟ್ ಕೊಡುವ ಮ್ಯಾಗ್ನೆಟೋ ಇಲ್ಲ, ಬ್ಯಾಟರಿ ಇಲ್ಲ. ಸಿಲಿಂಡರ್‌ನಿಂದ ಒಂದು ಸಣ್ಣ ಕೊಳವೆ ಹೊರಗೆ ಚಾಚಿದೆ, ಅದರ ಇನ್ನೊಂದು ತುದಿ ಮುಚ್ಚಿದೆ. ಅದರ ಕೆಳಗೆ ಗ್ಯಾಸಿನ ಉರಿ. ಕೊಳವೆ ಕೆಂಪಗೆ ಕಾಯುವವರೆಗೆ ಕಾಯಬೇಕು. ಆಮೇಲೆ ಫ್ಲೈವೀಲ್ ತಿರುಗಿಸಿದರೆ, ಒತ್ತಿದ ಗ್ಯಾಸ್ ಆ ಕೊಳವೆಯೊಳಗೆ ನುಗ್ಗಿ ತಾನೇ ಹತ್ತಿಕೊಳ್ಳುತ್ತದೆ. ಮಳೆ ಬಂದು ವೈರ್ ನೆನೆಯುವ ಗೊಡವೆಯೇ ಇಲ್ಲ, ಯಾಕೆಂದರೆ ವೈರೇ ಇಲ್ಲ!

ಇನ್ನೊಂದು ವ್ಯವಸ್ಥೆ ಕೇಳಿ. ಒಂದು ಎಂಜಿನ್‌ನಿಂದ ಹತ್ತಾರು ಬಾವಿ ಪಂಪ್ ಮಾಡುತ್ತಿದ್ದರು. ನಡುವೆ ಒಂದು ದೊಡ್ಡ ಚಕ್ರ, ಅದರ ಕೇಂದ್ರ ಸ್ವಲ್ಪ ಓರೆ. ಅದಕ್ಕೆ ಸುತ್ತಲೂ ಕಬ್ಬಿಣದ ಸಲಾಕೆಗಳು, ಗುಡ್ಡ ಹತ್ತಿ, ಹಳ್ಳ ದಾಟಿ, ಕಾಡಿನೊಳಗೆ ಒಂದೊಂದು ಬಾವಿಗೆ ಒಂದೊಂದು. ಚಕ್ರ ತಿರುಗಿದರೆ ಸಲಾಕೆಗಳು ಹಿಂದೆ ಮುಂದೆ ಎಳೆದಾಡುತ್ತವೆ, ಆ ತುದಿಯಲ್ಲಿ ಪಂಪ್ ಮೇಲೆ ಕೆಳಗೆ ಆಡುತ್ತದೆ. ಒಂದು ಬಾವಿಯ ರಾಡ್ ಮೇಲೇಳುವಾಗ ಎದುರು ದಿಕ್ಕಿನದು ಕೆಳಗಿಳಿಯುವ ಹಾಗೆ ಜೋಡಿಸಿದರೆ ತೂಕಕ್ಕೆ ತೂಕ ಸರಿಹೋಗುತ್ತದೆ. ಎಂಜಿನ್‌ಗೆ ಭಾರ ಕಡಿಮೆ. ಏತದ ಲೆಕ್ಕವೇ ಇದು, ನೋಡಿ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿದ್ದು ‘ಬಾರ್ಕರ್’. ಬೊಗಳುವುದು ಅಂತ ಅರ್ಥ. ಎಂಜಿನ್‌ನ ಸೈಲೆನ್ಸರ್ ಪೈಪ್ ತುದಿಗೆ ಸಿಕ್ಕಿಸುವ ಒಂದು ಸಾಧನ. ಒಬ್ಬ ಆಳು ಹಲವು ಎಂಜಿನ್ ನೋಡಿಕೊಳ್ಳಬೇಕು, ಎಲ್ಲ ಗುಡ್ಡದಾಚೆ ಎಲ್ಲೆಲ್ಲೋ. ಪ್ರತಿ ಎಂಜಿನ್‌ಗೂ ಬೇರೆ ಬೇರೆ ದನಿ ಬರುವ ಬಾರ್ಕರ್ ಹಾಕಿದರೆ, ಎಲ್ಲಿ ಕೂತಿದ್ದರೂ ಯಾವುದು ಓಡುತ್ತಿದೆ, ಯಾವುದು ನಿಂತಿದೆ ಅಂತ ಕಿವಿಯಲ್ಲೇ ಗೊತ್ತಾಗುತ್ತದೆ. ಮೇಯಲು ಬಿಟ್ಟ ದನಗಳಲ್ಲಿ ಯಾವ ಗಂಟೆ ಯಾವ ಹಸುವಿನದು ಅಂತ ಕಾಯುವ ಹುಡುಗನಿಗೆ ತಿಳಿಯುತ್ತದಲ್ಲ, ಹಾಗೆ. ರಾತ್ರಿ ಹಾಸಿಗೆಯಲ್ಲಿ ಮಲಗಿದ್ದವನಿಗೆ ಒಂದು ದನಿ ನಿಂತರೆ ಎಚ್ಚರ ಆಗುತ್ತಿತ್ತೇನೋ. ನನಗೆ ವರ್ಕ್‌ಶಾಪಿನಲ್ಲಿ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹಾಗೇ ಆಗಿದೆ. ಸದ್ದು ಇದ್ದಾಗ ಕೇಳಿಸುವುದಿಲ್ಲ, ನಿಂತಾಗ ಕೇಳಿಸುತ್ತದೆ.

ಹೊಲದ ಎಂಜಿನ್ ವಿಷಯಕ್ಕೆ ಮತ್ತೆ ಬರುತ್ತೇನೆ. ನೀರೆತ್ತುವುದು, ಜೋಳ ಪುಡಿ ಮಾಡುವುದು, ಹಾಲಿನಿಂದ ಕೆನೆ ತೆಗೆಯುವುದು, ಬಟ್ಟೆ ಒಗೆಯುವುದು, ಎಲ್ಲ ಇದರದೇ. ಅಯೋವಾದ ಮೇಟ್ಯಾಗ್ ಕಂಪನಿ ಬಟ್ಟೆ ಒಗೆಯುವ ಮೆಷಿನ್ ಕೆಳಗೇ ಒಂದು ಪುಟ್ಟ ಎಂಜಿನ್ ಕೂರಿಸಿ ಮಾರಿತ್ತು. ಹೆಂಗಸರು ಕಾಲಿನಲ್ಲಿ ಪೆಡಲ್ ಒದ್ದು ಚಾಲೂ ಮಾಡುತ್ತಿದ್ದರು, ಹೊಗೆಯ ಕೊಳವೆಯನ್ನು ಹೊರಗೆ ಬಿಡುತ್ತಿದ್ದರು. ಇದೆಲ್ಲ ಯಾಕೆ ಅಂದರೆ ಹಳ್ಳಿಗಳಲ್ಲಿ ಕರೆಂಟ್ ಇರಲಿಲ್ಲ. 1930ರ ದಶಕದ ನಡುವಿನಲ್ಲೂ ಅಮೆರಿಕದಲ್ಲಿ ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ಕರೆಂಟ್ ಇತ್ತು. ನಮ್ಮ ಜನ ಇದನ್ನು ನಂಬುವುದಿಲ್ಲ. 1935ರಲ್ಲಿ ಸರ್ಕಾರ ಹಳ್ಳಿಗೆ ತಂತಿ ಎಳೆಯುವ ಯೋಜನೆ ಶುರು ಮಾಡಿತು. ತಂತಿ ಬಂದ ಹೊಲದಲ್ಲಿ ಎಂಜಿನ್ ಮೂಲೆ ಸೇರಿತು. ಯುದ್ಧದ ಕಾಲದಲ್ಲಿ ಗುಜರಿ ಕಬ್ಬಿಣ ಕೊಡಿ ಅಂತ ಕೇಳಿದಾಗ ಎಷ್ಟೋ ಹೋದವು. ಉಳಿದವು ನನ್ನ ನೆರೆಯವರಂಥವರ ಶೆಡ್ಡಿನಲ್ಲಿವೆ.

ಅವನ್ನು ಏನು ಮಾಡಬೇಕು ಅಂತ ನಿಮ್ಮ ಬರಹಗಾರರು ಸಲಹೆ ಕೊಟ್ಟಿದ್ದಾರೆ: ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ (ಮರಳು ರಭಸದಿಂದ ಬೀಸಿ ಹಳೇ ಬಣ್ಣ ಕೀಳಿಸಿ), ಹೊಳೆಯುವ ಬಣ್ಣ ಹೊಡೆಸಿ, ವರಾಂಡದಲ್ಲಿ ಇಡಿ. ದಯವಿಟ್ಟು ಬೇಡ. ನಮ್ಮ ಎಕಾನಮಿಯ ನೀರಿನ ತೊಟ್ಟಿಯ (ಹಾಪರ್) ಪಕ್ಕದಲ್ಲಿ ಹಳೇ ಬಣ್ಣ ಒಂದು ಅಂಗೈಯಷ್ಟು ಉಳಿದಿದೆ. ಅದರ ಮೇಲೆ ಯಾರೋ ಮೊಳೆಯಲ್ಲಿ ಗೀರಿ ಲೆಕ್ಕ ಹಾಕಿದ್ದಾರೆ. ಐದೈದು ಗೀಟಿನ ಕಟ್ಟು, ಏಳು ಕಟ್ಟು. ಏನು ಎಣಿಸಿದರೋ, ಚೀಲವೋ ಗಾಡಿಯೋ. ಬ್ಲಾಸ್ಟ್ ಮಾಡಿದರೆ ಅದು ಎರಡು ನಿಮಿಷದಲ್ಲಿ ಹೋಗುತ್ತದೆ. ತುಕ್ಕು ಹಿಡಿಯದಂತೆ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎಂಜಿನ್ ಅಂದರೆ ಓಡಬೇಕು. ವರಾಂಡದಲ್ಲಿ ಇಡುವುದಕ್ಕೆ ಹೂವಿನ ಕುಂಡ ಇಲ್ವಾ?

ಕೊನೆಯ ಮಾತು ನಿಮ್ಮ ಇನ್ನೊಂದು ಫೋಟೋ ಬಗ್ಗೆ. ಓಡುತ್ತಿರುವ ಫ್ಲೈವೀಲ್ ಪಕ್ಕದಲ್ಲಿ ಒಬ್ಬ ಹುಡುಗ ಬಗ್ಗಿ ನೋಡುತ್ತಿದ್ದಾನೆ, ಜರ್ಕಿನ್ ತೋಳು ಜೋತುಬಿದ್ದಿದೆ. ಅದನ್ನು ನೋಡಿ ನನ್ನ ಬೆನ್ನು ಬೆವರಿತು. ಈ ಫ್ಲೈವೀಲ್‌ಗಳನ್ನು ಶಾಫ್ಟಿಗೆ ಕೂರಿಸಲು ಒಂದು ಬೆಣೆ ಹೊಡೆದಿರುತ್ತಾರೆ. ಅದರ ತಲೆ ಹೊರಗೆ ಚಾಚಿರುತ್ತದೆ, ತಿರುಗುವಾಗ ಕಾಣಿಸುವುದೇ ಇಲ್ಲ. ಬಟ್ಟೆ ಅದಕ್ಕೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಎಂಜಿನ್ ‘ಪುಸ್ಕ್’ ಅನ್ನುವಾಗ ನಿಂತುಹೋಯಿತು ಅಂತ ತಿಳಿದು ಕೈ ಹಾಕುವವರೂ ಇದ್ದಾರೆ. ಹ್ಯಾಂಡಲ್ ಹೊಡೆಯುವಾಗಲೂ ಹೆಬ್ಬೆರಳು ಬೇರೆ ಬೆರಳುಗಳ ಕಡೆಗೇ ಇರಬೇಕು, ಹ್ಯಾಂಡಲ್ ಸುತ್ತಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಮೊಮ್ಮಗನಿಗೆ ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ. ಅದರಾಚೆ ಅವನಿಗೆ ಪ್ರವೇಶ ಇಲ್ಲ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಏನೂ ತಪ್ಪು ಮಾಡಿಲ್ಲ ಅಂದುಕೊಳ್ಳಬೇಡಿ. ಈ ಎಂಜಿನ್‌ಗೆ ರೇಡಿಯೇಟರ್ ಇಲ್ಲ. ಸಿಲಿಂಡರ್ ಮೇಲೆ ತೆರೆದ ತೊಟ್ಟಿ, ಅದೇ ಹಾಪರ್. ನೀರು ಕುದಿದು ಆವಿಯಾಗುತ್ತಾ ತಂಪು ಮಾಡುತ್ತದೆ. ಕೆಲಸ ಮುಗಿದ ಮೇಲೆ ಕೆಳಗಿನ ಟ್ಯಾಪ್ ತೆರೆದು ನೀರು ಖಾಲಿ ಮಾಡಬೇಕು. ಹೋದ ವರ್ಷ ನವೆಂಬರ್‌ನಲ್ಲಿ ಒಂದು ಶನಿವಾರ ಸಂಜೆ ಅದು ನನ್ನ ಪಾಲಿನ ಕೆಲಸ. ಮರೆತೆ. ನೀರು ಹೆಪ್ಪುಗಟ್ಟಿ ಕಬ್ಬಿಣ ಸೀಳುತ್ತದೆ ಅಂತ ಓದಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ನೆನಪಾಗಿ ಓಡಿದೆ. ಹಾಪರ್ ತುಂಬ ಮಂಜುಗಡ್ಡೆ, ಬಲಗಡೆ ಒಂದು ಗೇಣುದ್ದ ಕೂದಲಿನಂಥ ಬಿರುಕು. ಎರಡು ಮಹಾಯುದ್ಧ ದಾಟಿ ಬಂದ ಎಂಜಿನ್‌ಗೆ ಒಂದೇ ರಾತ್ರಿಯಲ್ಲಿ ನಾನು ಮಾಡಿದ್ದು ಇದು.

ಯಜಮಾನರು ಬಂದರು, ಬೆರಳಿನಲ್ಲಿ ಬಿರುಕು ಸವರಿದರು, ಏನೂ ಅನ್ನಲಿಲ್ಲ. ನನ್ನನ್ನು ಎಡಗಡೆಗೆ ಕರೆದು ಬಗ್ಗಿಸಿ ತೋರಿಸಿದರು. ಅಲ್ಲೂ ಒಂದು ಬಿರುಕು, ಹಳೇದು, ಪಿನ್ ಹಾಕಿ ಹೊಲಿದದ್ದು. “ಇದು ನಮ್ಮಪ್ಪ ಮಾಡಿದ್ದು” ಅಂದರು. ಚಳಿಗಾಲವೆಲ್ಲ ಕೂತು ನಾವಿಬ್ಬರೂ ಬಲಗಡೆಯದನ್ನು ಅದೇ ರೀತಿ ಹೊಲಿದೆವು. ಬಿರುಕಿನ ಉದ್ದಕ್ಕೂ ತೂತು ಕೊರೆದು, ಥ್ರೆಡ್ ಹಾಕಿ, ಒಂದರ ಮೇಲೊಂದು ಸ್ವಲ್ಪ ಏರುವಂತೆ ಪಿನ್ ತಿರುಗಿಸಿ, ತಲೆ ಕತ್ತರಿಸಿ, ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದು. ಇಪ್ಪತ್ತೆರಡು ಪಿನ್. ಈಗ ಒಂದು ತೊಟ್ಟೂ ಸೋರುವುದಿಲ್ಲ.

ಮುಂದಿನ ಭಾನುವಾರ ಎರಡೇ ಸಾಲಿನ ತಿದ್ದುಪಡಿ ಹಾಕಿದರೆ ಸಾಕು: ಫೋಟೋದಲ್ಲಿರುವ ಎಂಜಿನ್ ಕೆಟ್ಟಿಲ್ಲ, ಅದು ಡೀಸೆಲ್ ಅಲ್ಲ. ಜಾಗ ಇದ್ದರೆ ಹುಡುಗನ ತೋಳಿನ ಬಗ್ಗೆಯೂ ಒಂದು ಮಾತು.

ಇಲ್ಲಿ ಮತ್ತೆ ನವೆಂಬರ್ ಬಂದಿದೆ. ನಿನ್ನೆ ಸಂಜೆ ಎಂಜಿನ್ ನಿಲ್ಲಿಸಿದ ಮೇಲೆ ಟ್ಯಾಪ್ ತೆರೆದು, ಕೊನೆಯ ತೊಟ್ಟು ಬೀಳುವವರೆಗೆ ಅಲ್ಲೇ ನಿಂತಿದ್ದೆ. ಮನೆಗೆ ಬಂದು, ಅನುಮಾನ ಬಂದು, ಟಾರ್ಚ್ ಹಿಡಿದು ಇನ್ನೊಂದು ಸಲ ಹೋಗಿ ನೋಡಿ ಬಂದೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಫಿಟ್ಟರ್
ಪೆನ್ಸಿಲ್ವೇನಿಯಾ